ಕೆಫೆ ದ ಫ್ಲೋರ್: ಸಾರ್ತ್ರ್‌ನ ಮಾಣಿಯನ್ನು ಹುಡುಕಿಕೊಂಡು ಹೋದ ಒಂದು ಬೆಳಿಗ್ಗೆ

ಪ್ಯಾರಿಸ್ ಮೆಟ್ರೋದ 4ನೇ ಮಾರ್ಗದಲ್ಲಿ ಸೇನ್-ಜರ್ಮೆನ್-ದೆ-ಪ್ರೆ ಎಂಬ ನಿಲ್ದಾಣವಿದೆ. ಅಲ್ಲಿ ಇಳಿದು ಮೆಟ್ಟಿಲು ಹತ್ತಿ ಬಂದರೆ ಎದುರಿಗೆ ಹಳೆಯ ಚರ್ಚಿನ ಗೋಪುರ, ಅದರ ಮುಂದಿನ ಚೌಕದ ಅಂಚಿಗೆ ಲೆ ದ್ಯೂ ಮಾಗೋ ಕೆಫೆ, ಅದನ್ನು ದಾಟಿ ಒಂದು ಕಿರುಬೀದಿಯ ಆಚೆ ಮೂಲೆಗೆ ಕೆಫೆ ದ ಫ್ಲೋರ್. ಮೂವತ್ತು ವರ್ಷ ಪದವಿ ತರಗತಿಗಳಿಗೆ ತತ್ತ್ವಶಾಸ್ತ್ರ ಪಾಠ ಮಾಡಿದ ನಾನು, ಮನುಷ್ಯ ತನ್ನ ಆಯ್ಕೆಗಳಿಂದ ತನ್ನನ್ನು ತಾನೇ ರೂಪಿಸಿಕೊಳ್ಳುತ್ತಾನೆ ಎನ್ನುವ ಅಸ್ತಿತ್ವವಾದದ ಪಾಠ ಬಂದಾಗಲೆಲ್ಲ, ಅದರ ಫ್ರೆಂಚ್ ದಾರ್ಶನಿಕ ಸಾರ್ತ್ರ್ ಕೂತು ಬರೆಯುತ್ತಿದ್ದ ಈ ಕೆಫೆಯ ಹೆಸರನ್ನು ಕರಿಹಲಗೆಯ ಮೇಲೆ ಬರೆದಿದ್ದೇನೆ. ಮಗಳು ಪ್ಯಾರಿಸ್ಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳನ್ನು ನೋಡಲು ಹೋದಾಗ, ಒಂದು ಬೆಳಿಗ್ಗೆಯನ್ನು ಪೂರ್ತಿಯಾಗಿ ಈ ಕೆಫೆಗೆಂದೇ ಎತ್ತಿಟ್ಟಿದ್ದೆ. ಇಲ್ಲಿನ ತಿನಿಸಿನ ಬಗ್ಗೆಯೂ ಎರಡು ಮಾತು ಹೇಳುತ್ತೇನೆ. ಆದರೆ ಮುಖ್ಯವಾಗಿ ಇದು ಸೇವೆಯ ಕುರಿತ ಬರಹ, ಏಕೆಂದರೆ ನನ್ನ ಅಪ್ಪಯ್ಯ ಹೋಟೆಲ್ ಮಾಣಿಯಾಗಿದ್ದರು.

ಮೊದಲು ಜಾಗದ ವಿಚಾರ. ಈ ಕೆಫೆ 1880ರ ದಶಕದಲ್ಲಿ ಆರಂಭವಾದದ್ದು. ಎದುರಿನ ಬೀದಿಯಲ್ಲಿದ್ದ ಪುಷ್ಪದೇವತೆ ಫ್ಲೋರಾಳ ಪ್ರತಿಮೆಯಿಂದ ಅದಕ್ಕೆ ಈ ಹೆಸರು ಬಂತು. ಹೊರಗೆ ಬಿಳಿಯ ಮೇಲ್ಚಾವಣಿಯ ಕೆಳಗೆ ಬೀದಿಗೆ ಮುಖ ಮಾಡಿದ ಪುಟ್ಟ ಮೇಜುಗಳು, ಒಳಗೆ ಕೆಂಪು ಹೊದಿಕೆಯ ಉದ್ದನೆಯ ಬೆಂಚುಗಳು, ಮಹಾಗನಿ ಮರದ ಕೆಲಸ, ಗೋಡೆಗಳ ತುಂಬ ಕನ್ನಡಿಗಳು. ಬೆಳಿಗ್ಗೆ ಹತ್ತು ಗಂಟೆ ದಾಟಿತೆಂದರೆ ಬಾಗಿಲಲ್ಲಿ ಪ್ರವಾಸಿಗರ ಸಾಲು ಬೆಳೆಯುತ್ತದೆ. ಬೀದಿಯ ಮೇಜುಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಬಾಗಿಲು ತೆಗೆದ ಹೊತ್ತಿನಲ್ಲೇ ಹೋಗಿ, ಒಳಗೆ, ಸಾಧ್ಯವಾದರೆ ಮಹಡಿಯ ಮೇಲೆ ಕೂತುಕೊಳ್ಳಿ ಎಂಬುದು ನನ್ನ ಸಲಹೆ. ಬರೆಯುವವರು, ಓದುವವರು ಇಂದಿಗೂ ಅಲ್ಲೇ ಕೂರುತ್ತಾರೆ.

ಬೇಗ ಹೋಗಿ ಎಂಬ ಈ ಸಲಹೆಗೆ ಎಂಬತ್ತು ವರ್ಷಗಳ ಹಿನ್ನೆಲೆಯಿದೆ. ಜರ್ಮನರು ಪ್ಯಾರಿಸ್ಸನ್ನು ಆಕ್ರಮಿಸಿಕೊಂಡಿದ್ದ ವರ್ಷಗಳಲ್ಲಿ ಕಲ್ಲಿದ್ದಲಿಗೆ ತತ್ವಾರ. ಬಾಡಿಗೆಯ ಹೋಟೆಲ್ ಕೋಣೆಗಳಲ್ಲಿ ಬೆರಳು ಮರಗಟ್ಟುವ ಚಳಿ. 1939ರಲ್ಲಿ ಫ್ಲೋರ್ ಅನ್ನು ಕೊಂಡಿದ್ದ ಪೋಲ್ ಬುಬಾಲ್ ಎಂಬಾತ ಕೆಫೆಯ ನಡುವೆ ದೊಡ್ಡದೊಂದು ಒಲೆಯನ್ನು ಇಡಿಸಿದ. ಸಾರ್ತ್ರ್‌ನ ಸಂಗಾತಿಯೂ ಲೇಖಕಿಯೂ ಆದ ಸಿಮೋನ್ ದ ಬೋವಾ ಬಾಗಿಲು ತೆರೆಯುತ್ತಲೇ ಬಂದು, ಒಲೆಯ ಕೊಳವೆಯ ಪಕ್ಕದ, ಎಲ್ಲಕ್ಕಿಂತ ಬೆಚ್ಚಗಿನ ಮೇಜನ್ನು ಹಿಡಿಯಲು ಆತುರಪಡುತ್ತಿದ್ದುದನ್ನು ತಾನೇ ಬರೆದಿದ್ದಾಳೆ. ಜರ್ಮನರ ಸೆರೆಯಿಂದ 1941ರಲ್ಲಿ ಬಿಡುಗಡೆಯಾಗಿ ಬಂದಿದ್ದ ಝಾನ್-ಪೋಲ್ ಸಾರ್ತ್ರ್ ಮತ್ತೊಂದು ಮೇಜಿಗೆ ಕೂತು ಬರೆಯುತ್ತಿದ್ದ. ಕಪ್ಪಿನಲ್ಲಿದ್ದುದು ನಿಜವಾದ ಕಾಫಿಯೂ ಆಗಿರಲಿಲ್ಲ. ಯುದ್ಧದ ಕಾಲದ ಬದಲಿ ಪುಡಿಯಿಂದ ಮಾಡಿದ ಕಷಾಯ. ದಿನವಿಡೀ ಕೂತು ಕಡಿಮೆ ಕುಡಿಯುವ ಗಿರಾಕಿ ಎಂದು ಸಾರ್ತ್ರ್‌ನ ಬಗ್ಗೆ ಬುಬಾಲ್ ಹೇಳುತ್ತಿದ್ದನಂತೆ. ಹಾಗಿದ್ದರೂ ಆತ ಅವರನ್ನು ಎಬ್ಬಿಸಲಿಲ್ಲ ಎಂಬುದೇ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಒಂದು ದೊಡ್ಡ ದರ್ಶನ, ಸುಮ್ಮನೆ ಕೂರಲು ಬಿಟ್ಟ ಒಬ್ಬ ಹೋಟೆಲ್ ಮಾಲೀಕನಿಗೂ ಅವನ ಒಲೆಗೂ ಋಣಿಯಾಗಿದೆ.

ಆ ದರ್ಶನದ ತಿರುಳನ್ನು ಸಾರ್ತ್ರ್ 1945ರ ಅಕ್ಟೋಬರ್ 29ರಂದು, ಕಿಕ್ಕಿರಿದು ತುಂಬಿದ್ದ ಒಂದು ಸಭಾಂಗಣದಲ್ಲಿ ಕಾಗದ ಕತ್ತರಿಸುವ ಚೂರಿಯ ಉದಾಹರಣೆ ಕೊಟ್ಟು ವಿವರಿಸಿದ. ಚೂರಿಯನ್ನು ಮಾಡುವವನ ತಲೆಯಲ್ಲಿ ಚೂರಿ ಯಾವುದಕ್ಕೆ ಬೇಕು ಎಂಬುದು ಮೊದಲೇ ಇರುತ್ತದೆ. ಚೂರಿ ಹುಟ್ಟುವುದು ಆಮೇಲೆ. ಮನುಷ್ಯನ ವಿಷಯದಲ್ಲಿ ಇದು ತಿರುವುಮುರುವು. ಅವನು ಮೊದಲು ಇರುತ್ತಾನೆ, ತಾನೇನು ಎಂಬುದನ್ನು ಆಮೇಲೆ ತನ್ನ ಆಯ್ಕೆಗಳಿಂದ ಮಾಡಿಕೊಳ್ಳುತ್ತ ಹೋಗುತ್ತಾನೆ. ಹಾಗಾಗಿ ಬದುಕಿನ ಅರ್ಥ ಎಲ್ಲೋ ಅಡಗಿ ಕೂತಿರುವ ನಿಧಿಯೇನಲ್ಲ, ಹುಡುಕಿದರೆ ಸಿಗುವುದಕ್ಕೆ. ಅದೇ ಉಪನ್ಯಾಸದಲ್ಲಿ ಸಾರ್ತ್ರ್ ತನ್ನ ಬಳಿ ಸಲಹೆಗೆ ಬಂದ ಒಬ್ಬ ವಿದ್ಯಾರ್ಥಿಯ ಕತೆ ಹೇಳುತ್ತಾನೆ. ಅಣ್ಣ ಜರ್ಮನರ ದಾಳಿಯಲ್ಲಿ ಸತ್ತಿದ್ದಾನೆ; ತಾಯಿಗೆ ಉಳಿದವನು ತಾನೊಬ್ಬನೇ; ಆದರೆ ಇಂಗ್ಲೆಂಡಿಗೆ ಹೋಗಿ ಸ್ವತಂತ್ರ ಫ್ರಾನ್ಸಿನ ಸೇನೆ ಸೇರಬೇಕೆಂಬ ಆಸೆ. ಯಾವ ಧರ್ಮಗ್ರಂಥವೂ ಯಾವ ನೀತಿಶಾಸ್ತ್ರವೂ ಇವೆರಡರ ನಡುವೆ ತೀರ್ಪು ಕೊಡಲಾರದು. ನೀನು ಸ್ವತಂತ್ರ, ಆರಿಸಿಕೋ ಎಂಬುದಷ್ಟೇ ಸಾರ್ತ್ರ್ ಕೊಟ್ಟ ಉತ್ತರ. ಈ ಉತ್ತರ ಕ್ರೂರ ಎಂದು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಹೇಳುತ್ತಿದ್ದರು. ಅದು ಕ್ರೂರವೆಂದು ನನಗೂ ಅನ್ನಿಸಿದ್ದುಂಟು. ಆದರೆ ಬೇರೆ ಯಾವ ಉತ್ತರವೂ ಆ ಹುಡುಗನನ್ನು ಅಷ್ಟು ಗೌರವದಿಂದ ನಡೆಸಿಕೊಳ್ಳುತ್ತಿರಲಿಲ್ಲ ಎಂಬುದು ನನ್ನ ಈಗಿನ ಅಭಿಪ್ರಾಯ.

ಇನ್ನು ಮಾಣಿಯ ವಿಚಾರ. 1943ರಲ್ಲಿ ಪ್ರಕಟವಾದ ಸಾರ್ತ್ರ್‌ನ ಬೃಹದ್ಗ್ರಂಥ ‘ಇರವು ಮತ್ತು ಶೂನ್ಯ’ದಲ್ಲಿ ಆತ್ಮವಂಚನೆಯನ್ನು ಕುರಿತ ಒಂದು ಅಧ್ಯಾಯವಿದೆ. ಅದರಲ್ಲಿ ಒಬ್ಬ ಕೆಫೆಯ ಮಾಣಿ ಬರುತ್ತಾನೆ. ಅವನ ಚಲನೆ ಚುರುಕು, ತುಸು ಹೆಚ್ಚೇ ಚುರುಕು. ಗಿರಾಕಿಗಳ ಕಡೆಗೆ ತುಸು ಹೆಚ್ಚೇ ಬಿರುಸಾಗಿ ಬರುತ್ತಾನೆ, ತುಸು ಹೆಚ್ಚೇ ಆಸಕ್ತಿಯಿಂದ ಬಾಗುತ್ತಾನೆ. ಹಗ್ಗದ ಮೇಲೆ ನಡೆಯುವವನ ಹಾಗೆ ತಟ್ಟೆಯನ್ನು ಬೀಳುವಂತೆ ಬೀಳದಂತೆ ಹಿಡಿದು, ಕೈಯನ್ನು ಒಂದಿಷ್ಟು ಆಡಿಸಿ ತೂಕ ಸರಿಮಾಡಿಕೊಳ್ಳುತ್ತಾನೆ. ಇವನು ಆಡುತ್ತಿದ್ದಾನೆ, ಏನನ್ನು ಆಡುತ್ತಿದ್ದಾನೆ, ಮಾಣಿಯಾಗಿರುವುದನ್ನೇ ಆಡುತ್ತಿದ್ದಾನೆ ಎನ್ನುತ್ತಾನೆ ಸಾರ್ತ್ರ್. ಮಸಿಕುಡಿಕೆ ಮಸಿಕುಡಿಕೆಯಾಗಿರುವಷ್ಟು ಭದ್ರವಾಗಿ ಒಬ್ಬ ಮನುಷ್ಯ ಮಾಣಿಯಾಗಿರಲಾರ. ಹಾಗಿರಲು ಹೊರಡುವುದು ತನ್ನ ಸ್ವಾತಂತ್ರ್ಯವನ್ನು ತಾನೇ ಮರೆಯುವ ಬಗೆ. ಆ ಕೆಫೆ ಯಾವುದೆಂದು ಸಾರ್ತ್ರ್ ಹೇಳಿಲ್ಲ. ಆದರೂ ಆ ವರ್ಷಗಳಲ್ಲಿ ಅವನು ಫ್ಲೋರ್‌ನಲ್ಲಿ ಕಳೆದ ಕಾಲವನ್ನು ನೆನೆದು, ಓದುಗರೆಲ್ಲ ಆ ಮಾಣಿಯನ್ನು ಇಲ್ಲಿಯೇ ಕಾಣುತ್ತಾರೆ. ನಾನೂ ಹಾಗೆಯೇ ಹೋದವನು.

ನನ್ನ ಮೇಜಿಗೆ ಬಂದ ಮಾಣಿಗೆ ಐವತ್ತೈದರ ಆಸುಪಾಸು. ಕಪ್ಪು ಅಂಗಿ, ಅದರ ಮೇಲೆ ಸೊಂಟದಿಂದ ಕಾಲಿನವರೆಗೆ ಇಳಿಬಿದ್ದ ಬಿಳಿಯ ಮುಂಬಟ್ಟೆ. ಅವರು ಓಡಲಿಲ್ಲ, ಬಾಗಲಿಲ್ಲ. ಒಂದು ತಟ್ಟೆಯಲ್ಲಿ ಎರಡು ಬೆಂದ ಮೊಟ್ಟೆ, ಬೆಣ್ಣೆ, ರೊಟ್ಟಿ, ಕಿತ್ತಳೆ ರಸ, ಚಾಕಲೇಟಿನ ಹೂಜಿ ಇಷ್ಟನ್ನೂ ಹೊತ್ತು ಎರಡು ಮೇಜುಗಳ ನಡುವಿನ ಗೇಣಗಲದ ಸಂದಿಯಲ್ಲಿ ನುಸುಳುವಾಗ, ಅವರ ಮೊಣಕೈ ಮೊದಲು ಹೊರಟಿತು, ತಟ್ಟೆ ಅದನ್ನು ಹಿಂಬಾಲಿಸಿತು. ಆ ಮೊಣಕೈಯನ್ನು ಕಂಡ ಕೂಡಲೇ ನನಗೆ ಅಪ್ಪಯ್ಯ ನೆನಪಾದರು, ಏಕೆಂದರೆ ಅವರು ನನಗೆ ಹೇಳಿಕೊಟ್ಟ ಒಂದೇ ಒಂದು ಹೋಟೆಲ್ ವಿದ್ಯೆ ಅದು: ‘ಕೈ ನೋಡ್ಬೇಡ ಮಗಾ, ಮೊಣಕೈ ಎಲ್ಲಿಗೆ ಹೋತ್ತೋ ತಟ್ಟೆ ಅಲ್ಲಿಗೆ ಬತ್ತ್.’

ಅಪ್ಪಯ್ಯ ಕುಂದಾಪುರ ಕಡೆಯಿಂದ ಹನ್ನೆರಡನೆಯ ವಯಸ್ಸಿನಲ್ಲಿ ಘಟ್ಟ ಹತ್ತಿ ಶಿವಮೊಗ್ಗೆಗೆ ಬಂದವರು. ಬಸ್ ನಿಲ್ದಾಣದ ಬಳಿಯ ಉಡುಪಿ ಹೋಟೆಲೊಂದರಲ್ಲಿ ಮೇಜು ಒರೆಸುವುದರಿಂದ ಶುರುಮಾಡಿ ಸಪ್ಲೈಯರ್ ಆದರು. ‘ಬಿಸಿ ಏನಿದೆ’ ಎಂದು ಯಾರಾದರೂ ಕೇಳಿದರೆ ಇಡ್ಲಿ ವಡೆ ಉಪ್ಪಿಟ್ಟು ಕೇಸರಿಬಾತು ಬನ್ಸು ಗೋಳಿಬಜೆ ಸೆಟ್‌ದೋಸೆ ಮಸಾಲೆದೋಸೆ ಎಂದು ಉಸಿರು ಕಡಿಯದೆ ಒಪ್ಪಿಸಿ, ಅಡುಗೆಮನೆಯ ಕಿಂಡಿಗೆ ‘ಎರಡು ಮಸಾಲೆ, ಒಂದು ಖಾಲಿ’ ಎಂದು ಕೂಗುತ್ತಿದ್ದ ಅವರ ದನಿ ಮನೆಯಲ್ಲಿ ಎಂದೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಅವರದು ತೀರ ಮೆಲುದನಿ. ಸಾರ್ತ್ರ್‌ನ ಮಾಣಿಯನ್ನು ಮೊದಲ ಬಾರಿಗೆ ಓದಿದಾಗ, ಇಪ್ಪತ್ತೆರಡು ವರ್ಷದ ನನಗೆ ಸಿಟ್ಟು ಬಂದಿತ್ತು. ಕೂತು ಕುಡಿಯುವವನಿಗೆ, ನಿಂತು ಕೊಡುವವನ ಬಗ್ಗೆ ಹೀಗೆ ಬರೆಯುವ ಅಧಿಕಾರ ಎಲ್ಲಿಂದ ಬಂತು ಎಂಬ ಸಿಟ್ಟು. ಮತ್ತೆ ಮತ್ತೆ ಓದಿದ ಮೇಲೆ, ಅದೇ ಪುಟದಲ್ಲಿ ಬೆಳಗಿನ ಐದು ಗಂಟೆಗೆ ಏಳುವುದು, ಗಿರಾಕಿಗಳು ಬರುವ ಮುನ್ನ ನೆಲ ಗುಡಿಸುವುದು, ಕಾಫಿ ಯಂತ್ರ ಹಚ್ಚುವುದು, ಭಕ್ಷೀಸು, ಕಾರ್ಮಿಕ ಸಂಘದ ಹಕ್ಕು ಇವೆಲ್ಲ ಇರುವುದನ್ನು ಗಮನಿಸಿದೆ. ಇಷ್ಟನ್ನು ನೋಡಿದವನು ಮಾಣಿಯನ್ನು ಹಗುರವಾಗಿ ಕಂಡವನಲ್ಲ. ಮಾಣಿ ಹಾಗೆ ಆಡಬೇಕೆಂದು ಬಯಸುವವರು ನಾವು, ಕನಸು ಕಾಣುತ್ತ ನಿಂತ ಅಂಗಡಿಯವನನ್ನು ಗಿರಾಕಿ ಸಹಿಸುವುದಿಲ್ಲ ಎಂದು ಸಾರ್ತ್ರ್ ಅಲ್ಲಿಯೇ ಹೇಳುತ್ತಾನೆ.

ಆದರೂ ಫ್ಲೋರ್‌ನಲ್ಲಿ ಎರಡೂವರೆ ಗಂಟೆ ಕೂತು ನೋಡಿದ ಮೇಲೆ ಸಾರ್ತ್ರ್‌ನ ಚಿತ್ರಕ್ಕೆ ಒಂದು ಮಾತು ಸೇರಿಸಬೇಕೆನ್ನಿಸಿತು. ಆ ಹಿರಿಯ ಮಾಣಿ ಮೂರನೆಯ ಸುತ್ತು ಬಂದಾಗ, ಮೂಲೆಯ ಮೇಜಿನಲ್ಲಿ ಒಬ್ಬಳೇ ಕೂತಿದ್ದ ವೃದ್ಧೆಯೊಬ್ಬಳ ಬಳಿ ಒಂದು ಗಳಿಗೆ ನಿಂತರು. ಆಕೆ ಏನೋ ಹೇಳಿದಳು. ಇವರು ತಟ್ಟೆಯನ್ನು ಎದೆಗೆ ಒರಗಿಸಿಕೊಂಡು, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸಿ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮತ್ತೆ ಬೆನ್ನು ನೆಟ್ಟಗಾಯಿತು, ಮೊಣಕೈ ಮುಂದಾಯಿತು, ಮುಖದ ಮೇಲೆ ಮೊದಲಿನ ಗಾಂಭೀರ್ಯ ಬಂದು ಕೂತಿತು. ಆ ವೇಷವನ್ನು ಕಳಚಿದ್ದೂ ತೊಟ್ಟದ್ದೂ ನನ್ನ ಕಣ್ಣೆದುರೇ ನಡೆಯಿತು. ಆಟ ಆಡುತ್ತಿದ್ದೇನೆಂದು ಅವರಿಗೆ ಚೆನ್ನಾಗಿ ಗೊತ್ತು. ಎಷ್ಟು ಆಡಬೇಕು, ಯಾರ ಮುಂದೆ ನಿಲ್ಲಿಸಬೇಕು ಎಂಬುದೂ ಗೊತ್ತು. ಅಪ್ಪಯ್ಯನ ಕೂಗುದನಿಯೂ ಇಂಥದೇ ಒಂದು ವೇಷವಾಗಿತ್ತು. ಅದರ ಹಿಂದೆ ಅವರು ತಮ್ಮ ಮೆಲುದನಿಯನ್ನು ಯಾವ ಗಿರಾಕಿಯೂ ಮುಟ್ಟದ ಹಾಗೆ ಕಾಪಾಡಿಕೊಂಡಿದ್ದರು. ಸಾರ್ತ್ರ್ ಮೇಜಿನ ಈಚೆ ಕೂತು ಕಂಡದ್ದನ್ನು ಬರೆದ. ಮೇಜಿನ ಆಚೆಯಿಂದ ಹೊತ್ತು ತಂದವರಿಗೆ ಅದೇ ಆಟ ಸ್ವಾತಂತ್ರ್ಯದ ಅಡಗುತಾಣವೂ ಆಗಿರಬಹುದು.

ಅಸ್ತಿತ್ವವಾದದ ಪ್ರಭಾವ ಪಡೆದ ನಮ್ಮ ನವ್ಯ ಸಾಹಿತಿಗಳ ಕಾಲವೂ ಅಪ್ಪಯ್ಯನ ಕಾಲವೂ ಒಂದೇ. 1965ರಲ್ಲಿ ‘ಸಂಸ್ಕಾರ’ ಬಂದು, ಪ್ರಾಣೇಶಾಚಾರ್ಯರ ಮೂಲಕ ‘ಆಯ್ಕೆ’ ಎಂಬ ಪದ ಕನ್ನಡ ವಿಮರ್ಶೆಯ ನಾಲಿಗೆಯಲ್ಲಿ ಕೂತ ಮೇಲೆ, ಕಾಲೇಜಿನ ಮೇಷ್ಟ್ರುಗಳೂ ಹುಡುಗರೂ ಅಪ್ಪಯ್ಯನ ಹೋಟೆಲಿನಲ್ಲಿಯೂ ಸಂಜೆ ಸೇರುತ್ತಿದ್ದರು. ಒಂದು ರಾತ್ರಿ ಅವರು ಕಾಲು ತೊಳೆದು ಒಳಗೆ ಬಂದವರೇ ನನ್ನನ್ನು ಕೇಳಿದ್ದರು: ‘ಅನಾಥಪ್ರಜ್ಞೆ ಅಂದ್ರೆ ಎಂತ ಮಗಾ? ಆ ಮೂಲೆ ಮೇಜಿನವರು ದಿನಾ ಅದನ್ನೇ ಮಾತಾಡ್ತ್ರ್. ಬೈಟು ಕಾಫಿ ತಕಂಡು ಎರಡು ಗಂಟೆ ಕೂಕಂತ್ರ್.’ ‘ಎಬ್ಬಿಸುವುದಿಲ್ಲವಾ ಅಪ್ಪಯ್ಯ?’ ಎಂದು ಕೇಳಿದೆ. ‘ಎಬ್ಬಿಸುದೆಂತಕ್ಕೆ? ಪಾಪ, ಅವ್ರಿಗೆ ಮಾತಾಡೂಕೆ ಬೇರೆ ಜಾಗ ಇಲ್ಲೆ’ ಎಂದಿದ್ದರು. ಬುಬಾಲ್‌ನ ಕತೆಯನ್ನು ಓದುವಾಗೆಲ್ಲ ನನಗೆ ಈ ಮಾತು ಕೇಳಿಸುತ್ತದೆ.

ತಿನಿಸಿನ ವಿಚಾರವನ್ನು ಇಲ್ಲಿ ಮುಗಿಸಿಬಿಡುತ್ತೇನೆ. ಫ್ಲೋರ್‌ನ ಚಾಕಲೇಟ್ ಪೇಯ ಹೆಸರುವಾಸಿ. ಹೂಜಿಯಲ್ಲಿ ಬರುತ್ತದೆ, ನಮ್ಮ ರಾಗಿ ಗಂಜಿಯಷ್ಟು ಮಂದ, ಸಿಹಿ ಮಿತವಾಗಿದ್ದು ಕೊನೆಯಲ್ಲಿ ಒಂದು ಒಳ್ಳೆಯ ಕಹಿ ನಾಲಿಗೆಯಲ್ಲಿ ನಿಲ್ಲುತ್ತದೆ. ಸಸ್ಯಾಹಾರಿಗಳಿಗೆ ರೊಟ್ಟಿ, ಬೆಣ್ಣೆ, ಜಾಮ್ ಸಾಕಷ್ಟಾಗುತ್ತದೆ. ಕಾಫಿ ಎಂದರೆ ಇಲ್ಲಿ ಹಾಲಿಲ್ಲದ, ಎರಡು ಗುಟುಕಿನ ಗಟ್ಟಿ ಕಾಫಿ. ಹಿತ್ತಾಳೆ ಲೋಟದ ಫಿಲ್ಟರ್ ಕಾಫಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಬಾರದು. ಅದಕ್ಕೆ ಸುಮಾರು ಐದು ಯೂರೋ, ಎಂದರೆ ಪ್ಯಾರಿಸ್ಸಿನ ಸಾಧಾರಣ ಕೆಫೆಯ ಬೆಲೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಫ್ರಾನ್ಸಿನಲ್ಲಿ ಸೇವಾಶುಲ್ಕ ಬೆಲೆಯಲ್ಲೇ ಸೇರಿರುತ್ತದೆ, ಭಕ್ಷೀಸು ನಿಮ್ಮ ಇಷ್ಟ. ಆ ಬೆಲೆಗೆ ಕಾಫಿಯ ಜೊತೆ ಕೂರುವ ಹಕ್ಕೂ ಸಿಗುತ್ತದೆ ಎಂದು ಲೆಕ್ಕ ಹಾಕಿದರೆ ನನಗೆ ಅದು ದುಬಾರಿ ಎನ್ನಿಸಲಿಲ್ಲ. ಮರುದಿನ ಊರಿನ ಇನ್ನೊಂದು ಭಾಗದ ಕೆಫೆಯೊಂದರಲ್ಲಿ (ಹೆಸರು ಬೇಡ) ಕಪ್ಪು ಬರಿದಾದ ಐದು ನಿಮಿಷಕ್ಕೆ ಬಿಲ್ಲನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲೇ ನಿಂತರು. ಫ್ಲೋರ್‌ನಲ್ಲಿ ಎರಡೂವರೆ ಗಂಟೆಯಲ್ಲಿ ಒಮ್ಮೆಯೂ ಹಾಗಾಗಲಿಲ್ಲ. ಕೇಳದೆಯೇ ಎರಡು ಬಾರಿ ನೀರು ಬಂತು. ಇಂದಿಗೂ ಸಾಹಿತ್ಯದೊಂದಿಗೆ ನಂಟು ಉಳಿಸಿಕೊಂಡಿರುವ ಜಾಗವಿದು. 1994ರಿಂದ ಪ್ರತಿವರ್ಷ ಒಬ್ಬ ಲೇಖಕರಿಗೆ ಫ್ಲೋರ್ ಪ್ರಶಸ್ತಿ ಕೊಡುತ್ತಾರೆ. ಗೆದ್ದವರಿಗೆ ಹಣದ ಜೊತೆಗೆ, ವರ್ಷವಿಡೀ ದಿನಕ್ಕೊಂದು ಗ್ಲಾಸು ವೈನು, ಅವರ ಹೆಸರು ಕೆತ್ತಿದ ಗ್ಲಾಸಿನಲ್ಲಿಯೇ.

ಸಾರ್ತ್ರ್‌ನ ಅದೇ ಗ್ರಂಥದಲ್ಲಿ ಕೆಫೆಯ ಇನ್ನೊಂದು ಪ್ರಸಂಗವಿದೆ. ಪಾಠ ಮಾಡುವಾಗ ನನಗೆ ಅದು ಮಾಣಿಯ ಪ್ರಸಂಗಕ್ಕಿಂತ ಕಷ್ಟವಾಗುತ್ತಿತ್ತು. ಅಲ್ಲಿ ಸಾರ್ತ್ರ್ ಹೇಳುತ್ತಾನೆ: ನಾಲ್ಕು ಗಂಟೆಗೆ ಪಿಯೇರ್ ಎಂಬವನನ್ನು ಕಾಣಬೇಕು. ಕಾಲು ಗಂಟೆ ತಡವಾಗಿ ಬಂದಿದ್ದೇನೆ. ಪಿಯೇರ್ ಇದ್ದಾನೆಯೇ ಎಂದು ಕೆಫೆಯ ತುಂಬ ಕಣ್ಣಾಡಿಸುತ್ತೇನೆ. ಒಂದೊಂದು ಮುಖವೂ ಒಂದು ಕ್ಷಣ ಮುಂದೆ ಬಂದು, ಅವನಲ್ಲ ಎನ್ನಿಸಿದ ಕೂಡಲೇ ಹಿಂದಕ್ಕೆ ಕರಗುತ್ತದೆ. ಮೇಜು, ಕನ್ನಡಿ, ಹೊಗೆ, ಮಾತಿನ ಗದ್ದಲ ಎಲ್ಲವೂ ಸೇರಿ ಪಿಯೇರ್ ಇಲ್ಲದಿರುವುದಕ್ಕೆ ಹಿನ್ನೆಲೆಯಾಗುತ್ತವೆ. ವೆಲಿಂಗ್ಟನ್ ದೊರೆಯೂ ಈ ಕೆಫೆಯಲ್ಲಿಲ್ಲ, ನಿಜ. ಆದರೆ ಅದು ಬರಿಯ ಮಾತು, ಏಕೆಂದರೆ ಅವನಿಗಾಗಿ ಯಾರೂ ಕಾದಿಲ್ಲ. ಕಾಯುವವನಿಗೆ ಮಾತ್ರ ಇಲ್ಲದಿರುವುದು ಎದ್ದು ಕಾಣುತ್ತದೆ. ಶೂನ್ಯವನ್ನು ಲೋಕಕ್ಕೆ ತರುವವನು ಮನುಷ್ಯನೇ ಎಂಬ ಮಾತಿಗೆ ಇದಕ್ಕಿಂತ ಸರಳವಾದ ನಿದರ್ಶನ ನನಗೆ ಗೊತ್ತಿಲ್ಲ, ಆದರೆ ತರಗತಿಯಲ್ಲಿ ಇದು ಎಂದೂ ಸರಿಯಾಗಿ ತಾಗುತ್ತಿರಲಿಲ್ಲ. ಆ ಬೆಳಿಗ್ಗೆ ನನ್ನೆದುರಿನ ಖಾಲಿ ಕುರ್ಚಿಯ ಬೆನ್ನಿಗೆ ಕನ್ನಡಿಯಿತ್ತು. ಕನ್ನಡಿಯಲ್ಲಿ ಇಡೀ ಕೆಫೆ, ಓಡಾಡುವ ಬಿಳಿಯ ಮುಂಬಟ್ಟೆಗಳು, ತಟ್ಟೆಗಳು, ಮೊಣಕೈಗಳು ಕಾಣುತ್ತಿದ್ದವು. ಆ ಮೊಣಕೈಗಳನ್ನು ಕಂಡು ಒಂದೊಂದಕ್ಕೂ ತೀರ್ಪು ಹೇಳಬಲ್ಲವರು ಆ ಕುರ್ಚಿಯಲ್ಲಿ ಇರಲಿಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಅಪ್ಪಯ್ಯನಿಗೆ ಅರವತ್ತೊಂದು ತುಂಬಿದ ವರ್ಷ ಹೋಟೆಲು ಮುಚ್ಚಿತು, ಕಟ್ಟಡ ಬಿದ್ದು ಬೇರೆ ಕಟ್ಟಡ ಬಂತು. ಅದಾದ ಮೇಲೂ ಅವರು ಬೆಳಗಿನ ನಾಲ್ಕಕ್ಕೆ ಏಳುತ್ತಿದ್ದರು. ಎದ್ದು ಅಂಗಿ ತೊಟ್ಟು ಮಂಚದ ಅಂಚಿನಲ್ಲಿ ಕೂತಿರುತ್ತಿದ್ದರು. ‘ಈಗ ನಾನ್ ಎಂತ ಅಂದ್ಕಂಬುದು?’ ಎಂದು ಒಮ್ಮೆ ಕೇಳಿದಾಗ, ಆ ಹೊತ್ತಿಗೆ ಹದಿನೈದು ವರ್ಷ ಅಸ್ತಿತ್ವವಾದವನ್ನು ಪಾಠ ಮಾಡಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಬದುಕಿಗೆ ಏನು ಅರ್ಥ ಎಂಬ ಪ್ರಶ್ನೆಯನ್ನು ನನ್ನ ಮನೆಯಲ್ಲಿ ನಿಜವಾಗಿ ಕೇಳಿದವರು ಅವರೊಬ್ಬರೇ. ಎಂಟು ತಿಂಗಳ ಮೇಲೆ ಅವರು ಯಾರಿಗೂ ಹೇಳದೆ ನಮ್ಮ ಬೀದಿಯ ದೇವಸ್ಥಾನದ ಮಧ್ಯಾಹ್ನದ ಊಟಕ್ಕೆ ಬಡಿಸಲು ಹೋಗತೊಡಗಿದರು. ಸಂಬಳವಿಲ್ಲ, ಗಲ್ಲಾ ಇಲ್ಲ, ಕೂಗುವ ಕಿಂಡಿಯಿಲ್ಲ. ಒಂದು ದಿನ ನೋಡಲು ಹೋದೆ. ಸಾರಿನ ಬಕೆಟ್ಟು ಹಿಡಿದು ಪಂಕ್ತಿಯ ನಡುವೆ ಬಾಗಿ ಬಾಗಿ ಹೋಗುತ್ತಿದ್ದರು. ಮೊಣಕೈ ಮುಂದಿತ್ತು, ಆದರೆ ದನಿ ಮಾತ್ರ ಮನೆಯ ಮೆಲುದನಿ. ಬಡಿಸುವ ಕೆಲಸ ಅದೇ. ಹನ್ನೆರಡನೆಯ ವಯಸ್ಸಿನಲ್ಲಿ ಅದು ಅವರ ಪಾಲಿಗೆ ಬಂದದ್ದು, ಅರವತ್ತೆರಡರಲ್ಲಿ ಅವರು ಆರಿಸಿಕೊಂಡದ್ದು. ಸಾರ್ತ್ರ್ ಹೇಳಿದ ಆಯ್ಕೆಯನ್ನು ಇಷ್ಟು ಹತ್ತಿರದಿಂದ ನಾನು ಬೇರೆಲ್ಲೂ ಕಂಡಿಲ್ಲ.

ಯುದ್ಧ ಮುಗಿದು ಅಸ್ತಿತ್ವವಾದಕ್ಕೆ ಹೆಸರು ಬಂದ ಮೇಲೆ ಫ್ಲೋರ್‌ಗೆ ನೋಡುಗರು ನುಗ್ಗತೊಡಗಿದರು. ಸಾರ್ತ್ರ್, ಬೋವಾ ಹತ್ತಿರದ ಪೋಂ-ರುವಾಯಲ್ ಹೋಟೆಲಿನ ಬಾರಿಗೆ ಜಾಗ ಬದಲಿಸಿದರು. ಈಗ ಚರ್ಚಿನ ಮುಂದಿನ ಚೌಕಕ್ಕೆ ಅವರಿಬ್ಬರ ಹೆಸರಿದೆ. ಇಬ್ಬರ ಸಮಾಧಿಯೂ ಮೋಂಪಾರ್ನಾಸ್ ಸ್ಮಶಾನದಲ್ಲಿ ಒಂದೇ ಕಲ್ಲಿನ ಕೆಳಗಿದೆ. ಸಮಯವಿರುವವರು ಮಧ್ಯಾಹ್ನ ಅಲ್ಲಿಗೂ ಹೋಗಿಬರಬಹುದು.

ಹೊರಡುವ ಮುಂಚೆ ನಾನು ಅಭ್ಯಾಸಬಲದಿಂದ ಕಪ್ಪನ್ನು ತಟ್ಟೆಯ ಮೇಲಿಟ್ಟು, ಚಮಚವನ್ನು ಕಪ್ಪಿನೊಳಗೆ ಹಾಕಿ, ಹೂಜಿಯನ್ನು ಮೇಜಿನ ಅಂಚಿಗೆ, ಎತ್ತಿಕೊಳ್ಳುವವರ ಕೈಗೆ ಎಟುಕುವ ಕಡೆಗೆ ಸರಿಸಿದೆ. ಯಾವ ಹೋಟೆಲಿಗೆ ಹೋದರೂ ಅಪ್ಪಯ್ಯ ಹಾಗೆ ಮಾಡಿಯೇ ಏಳುತ್ತಿದ್ದರು. ಹಿರಿಯ ಮಾಣಿ ಅದನ್ನು ನೋಡಿ, ಈ ಕೆಲಸ ಮಾಡಿದವರೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನಲ್ಲ, ನನ್ನ ತಂದೆ ಎಂದೆ. ಎಷ್ಟು ವರ್ಷ ಎಂದರು. ನಲವತ್ತೊಂಬತ್ತು ಎಂದೆ. ಅವರು ತಲೆಯಾಡಿಸಿದರು, ನನ್ನೆದುರಿನ ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿದರು, ಮತ್ತೇನೂ ಹೇಳಲಿಲ್ಲ. ಹಣ ತೆಗೆದುಕೊಂಡು, ಸಂದಾಯವಾಯಿತೆಂಬುದರ ಗುರುತಿಗೆ ಇಲ್ಲಿನ ಮಾಣಿಗಳು ಮಾಡುವಂತೆ ಬಿಲ್ಲನ್ನು ಅರ್ಧ ಹರಿದು ಮೇಜಿನ ಮೇಲಿಟ್ಟರು. ಶಿವಮೊಗ್ಗೆಯಲ್ಲಿ ಗಲ್ಲಾದ ಪಕ್ಕದ ಮೊಳೆಗೆ ಬಿಲ್ಲನ್ನು ಚುಚ್ಚುತ್ತಿದ್ದರು. ನಡುವೆ ತೂತು ಬಿದ್ದ ಬಿಲ್ಲಿನ ಕಂತೆಯನ್ನು ಅಪ್ಪಯ್ಯ ನನಗೆ ಲೆಕ್ಕ ಮಾಡಲು ಮನೆಗೆ ತಂದುಕೊಡುತ್ತಿದ್ದರು. ಹರಿದ ಬಿಲ್ಲನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ, ಮಾಣಿಯ ಪ್ರಸಂಗವನ್ನು ಬರೆದುಕೊಂಡ ಪುಟದ ನಡುವೆ ಇಟ್ಟುಕೊಂಡು ಬಂದಿದ್ದೇನೆ.